ಮೂರು ಮೆಟ್ಟಿಲಿನ ಮನೆ

ಯಾರ ಮನೆಗೆ ಹೋದರೂ ಮೊದಲು ಮಾಳಿಗೆ ನೋಡುವುದು, ಆಮೇಲೆ ಮನೆಯವರ ಮುಖ ನೋಡುವುದು ನನ್ನ ಚಟ. ಇದರಿಂದ ಒಮ್ಮೆ ಫಜೀತಿಯೇ ಆಯಿತು. ಚಿಕ್ಕಪ್ಪನ ಮಗನಿಗೆ ಕನ್ಯೆ ನೋಡಲು ಪಕ್ಕದ ಊರಿಗೆ ಹೋಗಿದ್ದೆವು. ಕನ್ಯೆ ಚಹಾದ ತಟ್ಟೆ ಹಿಡಿದು ಎದುರಿಗೆ ನಿಂತಿದ್ದಾಳೆ, ನಾನು ಕತ್ತೆತ್ತಿ ಅವಳ ತಲೆಯ ಮೇಲಿನ ಜಂತಿಗಳನ್ನು ಎಣಿಸುತ್ತಿದ್ದೇನೆ. ಅವಳ ಅವ್ವನಿಗೆ ಗಾಬರಿ. "ಯಾಕ್ರಿ ಅಕ್ಕೋರ, ಮ್ಯಾಲಿಂದ ಮಣ್ಣು ಬಿತ್ತೇನ್ರಿ?" ಎಂದು ಸೆರಗಿನಿಂದ ನನ್ನ ಹೆಗಲು ಒರೆಸಲು ಬಂದರು. ಹೊರಗೆ ಬಂದ ಮೇಲೆ ಚಿಕ್ಕಪ್ಪ, "ಹ್ಯಾಂಗ ಅನಸ್ತು?" ಎಂದು ಕೇಳಿದರೆ, "ಕಂಬ ಪಕ್ಕಾ ಸಾಗವಾನಿ" ಅಂದುಬಿಟ್ಟೆ. ಆ ಸಂಬಂಧ ಕೂಡಿಬಂತು, ಅದು ಬೇರೆ ಮಾತು. ಇವತ್ತಿಗೂ ಆ ಸೊಸೆ ನನಗೆ ನೀರು ಕೊಡುವಾಗ ಒಮ್ಮೆ ಮೇಲೆ ನೋಡಿ ನಗುತ್ತಾಳೆ.

ಈ ಚಟ ಹತ್ತಿಸಿದ್ದು ಸರಕಾರ. ನಾನು ಹುಮನಾಬಾದಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಎರಡು ಸಾವಿರದ ಇಸವಿಯ ಬೇಸಿಗೆ ರಜೆಯಲ್ಲಿ, ಸಂಡಿಗೆಗೆ ಹಿಟ್ಟು ಕುದಿಸಿಕೊಂಡು ಕುಳಿತವಳಿಗೆ ಮನೆಗಣತಿಯ ಆದೇಶ ಬಂತು. ಓಣಿ ಓಣಿ ತಿರುಗಿ, ಪ್ರತಿ ಮನೆಯ ಗೋಡೆ ಯಾವುದರದ್ದು, ಮಾಳಿಗೆ ಯಾವುದರದ್ದು, ನೆಲ ಯಾವುದರದ್ದು ಎಂದು ಬರೆಯಬೇಕು. ಒಂದೊಂದಕ್ಕೂ ಫಾರ್ಮಿನಲ್ಲಿ ಒಂದು ಅಂಕಿ ಹಿಡಿಸುವಷ್ಟು ಚೌಕ. ಮೊದಲ ಎರಡು ದಿನ ನಾನು ಬಿಸಿಲಿಗೂ ಬೈದೆ, ಸರಕಾರಕ್ಕೂ ಬೈದೆ. ಹೋದಲ್ಲೆಲ್ಲ, "ರೇಶನ್ ಕಾರ್ಡ್ ಮಾಡಾಕ ಬಂದೀರೇನ್ರಿ?" ಎಂಬ ಒಂದೇ ಪ್ರಶ್ನೆ. ಅಲ್ಲವೆಂದರೆ ಅವರ ಮುಖ ಸಪ್ಪಗಾಗುತ್ತಿತ್ತು, ನನಗೆ ಸಿಗಬೇಕಾದ ನೀರು ತಡವಾಗುತ್ತಿತ್ತು.

ಮೂರನೆಯ ದಿನ ಒಂದು ಓಣಿಯಲ್ಲಿ ಸಾಲಾಗಿ ನಾಲ್ಕು ಮನೆಗಳಿಗೆ "ಕಲ್ಲು, ಕಲ್ಲು, ಕಲ್ಲು, ಕಲ್ಲು" ಎಂದು ಅಂಕಿ ತುಂಬಿದೆ. ತುಂಬಿ ತಲೆ ಎತ್ತಿದರೆ ಆ ನಾಲ್ಕು ಮನೆಗಳಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲ. ಒಂದು ಕೆಂಪಗೆ ಗಿಡ್ಡಗೆ ಇದೆ. ಒಂದರ ಬಾಗಿಲಿನಲ್ಲಿ ಆನೆ ಹೋಗಬಹುದು. ಒಂದಕ್ಕೆ ಕಮಾನಿನ ಕಿಟಕಿ. ಒಂದು ಬರೀ ಡಬ್ಬಿ. ಇವೆಲ್ಲ ಒಂದೇ ಅಂಕಿಯಾಗುವುದು ಹೇಗೆ? ನಾನು ಹಾಗೇ ನಿಂತುಬಿಟ್ಟೆ.

ಎದುರಿನ ಕಟ್ಟೆಯ ಮೇಲೆ ಒಬ್ಬ ಮುದುಕ ಎಲೆಯಡಿಕೆ ಮೆಲ್ಲುತ್ತ ಕುಳಿತಿದ್ದ. ಬೆರಳುಗಳ ಸಂದಿಯಲ್ಲಿ ಸುಣ್ಣ ತಿಂದ ಹಳೆಯ ಕಲೆಗಳು. "ಅಕ್ಕೋರ, ಆಗಿಂದ ಆ ಮನಿ ಮುಂದ ನಿಂತೀರಿ. ಯಾರರ ಬೈದ್ರೇನ್ರಿ?" ಎಂದ. ಬೈದಿಲ್ಲ, ತಿಳಿಯುತ್ತಿಲ್ಲ ಎಂದೆ. ಅವನು ಎದ್ದು ಬಂದ. ಐವತ್ತು ವರ್ಷ ಗೌಂಡಿ ಕೆಲಸ ಮಾಡಿದವನಂತೆ. ಹುಮನಾಬಾದಿನ ಅರ್ಧ ಗೋಡೆಗಳಿಗೆ ತನ್ನ ಕೈ ತಾಗಿದೆ ಎಂದು ಹೇಳಿಕೊಂಡ. ಜಂಬ ಸ್ವಲ್ಪ ಜಾಸ್ತಿಯೇ ಇತ್ತು, ಆದರೆ ಮಾತು ಸುಳ್ಳಿರಲಿಲ್ಲ.

ಒಂದೊಂದು ಮನೆಯನ್ನೂ ಅವನು ಬಿಡಿಸಿ ಹೇಳಿದ. ಗಿಡ್ಡ ಮನೆಯ ಕಲ್ಲು ಹುಮನಾಬಾದಿನ ನೆಲದ್ದೇ. ಅಗೆದು ತೆಗೆಯುವಾಗ ಕೊಡಲಿಯಿಂದ ಕಡಿಯುವಷ್ಟು ಮೆತ್ತಗಿರುತ್ತದೆ, ಗಾಳಿ ಬಿಸಿಲು ಕುಡಿದಂತೆ ಗಟ್ಟಿಯಾಗುತ್ತದೆ. ಒಳಗೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಸೊಪ್ಪು ಹಾಸಿ ಸವಳು ಮಣ್ಣಿನ ಮಾಳಿಗೆ. ಮಳೆಗಾಲದ ಮೊದಲು ಪ್ರತಿ ವರ್ಷ ಆ ಮಣ್ಣನ್ನು ತುಳಿದು ಸರಿಮಾಡಬೇಕು, ಮರೆತರೆ ಮಳೆ ಒಳಗೇ ಬರುತ್ತದೆ. ಆನೆ ಬಾಗಿಲಿನದು ಹಿಂದಿನ ಸಿರಿವಂತರ ವಾಡೆಯ ಒಂದು ತುಂಡು. ದೊಡ್ಡ ಕದದ ಹೊಟ್ಟೆಯಲ್ಲಿ ಒಬ್ಬರು ಬಗ್ಗಿ ದಾಟುವಷ್ಟು ದಿಡ್ಡಿ ಬಾಗಿಲು, ಅದರಾಚೆ ಅಂಗಳ, ಅಂಗಳದ ಸುತ್ತ ಕಂಬದ ಪಡಸಾಲೆ. ಅಣ್ಣತಮ್ಮಂದಿರು ಪಾಲಾದಾಗ ಅಂಗಳದ ನಡುವೆಯೇ ಗೋಡೆ ಎದ್ದು, ಒಂದೇ ಕಂಬದ ಈ ಮಗ್ಗುಲಿಗೆ ಹಸಿರು ಬಣ್ಣ, ಆ ಮಗ್ಗುಲಿಗೆ ಗುಲಾಬಿ ಬಣ್ಣ. ನನಗೆ ನಗು ತಡೆಯಲಾಗಲಿಲ್ಲ. ಗೌಂಡಿಗೆ ಮಾತ್ರ ನಗು ಬರಲಿಲ್ಲ, ಆ ಗೋಡೆ ಎಬ್ಬಿಸಿದವನು ಅವನೇ.

ಕಮಾನಿನ ಕಿಟಕಿಯ ಮನೆ ನಿಜಾಮರ ಕಾಲದ ಒಬ್ಬ ಕಾಳುಕಡಿ ವ್ಯಾಪಾರಿಯದು. ಸುಣ್ಣ, ಉಸುಕು, ಬೆಲ್ಲದ ನೀರು ಕೂಡಿಸಿ ಗಾಣದಲ್ಲಿ ಅರೆದ ಗಚ್ಚು. ಒಳಗೆ ಹೋಗಿ ಮೇಲೆ ನೋಡಿದರೆ ಜಂತಿಯ ಬದಲು ರೈಲಿನ ಕಂಬಿಗಳು, ಕಂಬಿಗಳ ನಡುವೆ ಇಟ್ಟಿಗೆಯ ಪುಟ್ಟ ಪುಟ್ಟ ಕಮಾನು. ರೈಲಿನ ಹಳಿಯನ್ನು ಮನೆಯ ಮಾಳಿಗೆಯಲ್ಲಿ ನೋಡಿದ್ದು ನಾನು ಅವತ್ತೇ ಮೊದಲು. ಕೊನೆಯ ಡಬ್ಬಿಯಂಥ ಮನೆ ಗೌಂಡಿ ಸ್ವತಃ ಕಟ್ಟಿದ್ದು. ಗರ್ಡರಿನ ಮೇಲೆ ಶಹಾಬಾದ್ ಕಲ್ಲಿನ ಚಪ್ಪಡಿ, ಅಂದರೆ ಫರಸಿ. "ಜಲ್ದಿ ಆಗ್ತದಂತ ಎಲ್ಲಾರೂ ಇದನ್ನೇ ಕಟ್ಟಸಿದ್ರು. ಬ್ಯಾಸಿಗ್ಯಾಗ ಒಳಗ ಕುಂತ್ರ ಕಾದ ಹಂಚಿನ ಮ್ಯಾಲ ಕುಂತಂಗ ಆಗ್ತದ್ರಿ" ಎಂದು ತನ್ನ ಕೆಲಸವನ್ನು ತಾನೇ ಆಡಿಕೊಂಡ.

"ಇಷ್ಟೆಲ್ಲ ನಿಮಗೆ ಹೇಗೆ ಗೊತ್ತಾಗುತ್ತದೆ?" ಎಂದು ಕೇಳಿದೆ.

"ಮ್ಯಾಲಿಂದೆಲ್ಲಾ ಮಂದಿ ಬದಲ ಮಾಡ್ತಾರ್ರಿ. ಮಗ ಪಗಾರ ತಂದ್ರ ಸಿಮೆಂಟ, ಮಗಳ ಮದಿವಿ ಬಂದ್ರ ಬಣ್ಣ. ಬುಡ ಯಾರೂ ಮುಟ್ಟಂಗಿಲ್ಲ. ಮನಿ ಖರೇ ಗುರುತ ಹಿಡೀಬೇಕಂದ್ರ ಕುಂತು ನೋಡಬೇಕ್ರಿ, ಅಕ್ಕೋರ. ನಿಂತು ನೋಡಿದ್ರ ಬಣ್ಣ ಅಷ್ಟೇ ಕಾಣಸ್ತದ." ಎಂದವನೇ ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತು, ನನಗೂ ಕುಳಿತುಕೊಳ್ಳಲು ಕೈಮಾಡಿದ. ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟುಕೊಂಡು, ಶಾಲೆಯ ಮಕ್ಕಳು ಓಡಾಡುವ ಓಣಿಯಲ್ಲಿ, ಗಟಾರದ ಪಕ್ಕ ನಾನು ಕುಳಿತೇನೆಯೇ? "ಇಲ್ಲೇ ಕಾಣಸ್ತದ್ರಿ" ಎಂದು ನಿಂತೇ ಹೇಳಿದೆ. ಅವನ ಮಾತನ್ನು ಮಾತ್ರ ಫಾರ್ಮಿನ ಹಿಂದೆ ಬರೆದುಕೊಂಡೆ.

ಆ ಬೇಸಿಗೆ ಮುಗಿಯುವ ಹೊತ್ತಿಗೆ ನಾನು ಪಂಡಿತಳೇ ಆಗಿಬಿಟ್ಟಿದ್ದೆ. ಬಸ್ಸಿನಲ್ಲಿ ಕುಳಿತು, "ಅದು ಜಂತಿ, ಇದು ಕಂಬಿ, ಅದು ಫರಸಿ" ಎಂದು ಪಕ್ಕದಲ್ಲಿದ್ದವರಿಗೆ ಪಾಠ ಶುರುಮಾಡುತ್ತಿದ್ದೆ. ಆ ಪಾಠವನ್ನು ಮನಸ್ಸಿಟ್ಟು ಕೇಳಿದವಳು ನನ್ನ ಆಯಿ ಒಬ್ಬಳೇ.

ಆಯಿ ಅಂದರೆ ನನ್ನ ಅವ್ವನ ಅವ್ವ. ಹಳ್ಳಿಖೇಡದಲ್ಲಿ ತನ್ನ ಮಗನ, ಅಂದರೆ ನನ್ನ ಸೋದರಮಾವನ, ಮನೆಯಲ್ಲಿ ಇದ್ದಳು. ಆಗ ಎಪ್ಪತ್ತು ದಾಟಿತ್ತು. ಕಣ್ಣಿಗೆ ಕಾಚಬಿಂದು. ಪೊರೆಯಾದರೆ ತೆಗೆಯಬಹುದು, ಇದರಲ್ಲಿ ಹೋದ ದೃಷ್ಟಿ ಹೋದದ್ದೇ, ಇದ್ದುದನ್ನು ಉಳಿಸಿಕೊಳ್ಳಲು ಔಷಧಿ ಹಾಕಬೇಕು ಎಂದು ಡಾಕ್ಟರು ಹೇಳಿದ್ದರು. ಬದಿಗಳೆಲ್ಲ ಆಗಲೇ ಹೋಗಿ, ನಡುವೆ ಒಂದು ಕಿಂಡಿಯಷ್ಟು ಉಳಿದಿತ್ತು. ತಿಂಗಳಿಗೊಮ್ಮೆ ಕಣ್ಣು ತೋರಿಸಲು ಕಬ್ಬಿನ ಲಾರಿಗಳ ಹಿಂದೆ ತೆವಳುವ ಬಸ್ಸಿನಲ್ಲಿ ಹುಮನಾಬಾದಿಗೆ ಬಂದು ನನ್ನ ಮನೆಯಲ್ಲಿ ಎರಡು ದಿನ ಇರುತ್ತಿದ್ದಳು. ಒಂದು ಸಲ ನನ್ನ ಮನೆಪುರಾಣವನ್ನೆಲ್ಲ ಕೇಳಿ ಮುಗಿಸಿ, "ನಿನಗ ಅಷ್ಟು ಮನಿ ಗುರುತ ಹತ್ತತಾವಂದ್ರ, ನಂದೊಂದು ಮನಿ ಹುಡಕಿ ಕೊಡ" ಎಂದಳು.

ಆಯಿ ಹುಟ್ಟಿದ್ದು ಬಸವಕಲ್ಯಾಣದಲ್ಲಿ. ಆರು ವರ್ಷದವಳಿದ್ದಾಗ ಅವಳ ಅವ್ವ ತೀರಿಹೋದಳು. ಅಪ್ಪ ಮನೆ ಮಾರಿ ಎಲ್ಲಿಗೋ ಹೋದ. ಅವ್ವನ ಅಣ್ಣ ಬಂದು ಈ ಮಗುವನ್ನು ಚಕ್ಕಡಿಯಲ್ಲಿ ಕೂರಿಸಿಕೊಂಡು ಹಳ್ಳಿಖೇಡಕ್ಕೆ ತಂದ. ಅಲ್ಲೇ ಬೆಳೆದು, ಅಲ್ಲೇ ಮದುವೆಯಾದಳು. ಓಣಿಯ ಹೆಸರು ಗೊತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಹೋದರು. ಇದಿಷ್ಟು ನಮಗೆಲ್ಲ ಗೊತ್ತಿದ್ದದ್ದೇ. ಅವತ್ತು ಅವಳು ಹೇಳಿದ್ದು ಮಾತ್ರ ಹೊಸದು.

"ಅವ್ವನ ಮುಖ ನೆಪ್ಪಿಗೆ ಬರಂಗಿಲ್ಲ ನನಗ. ಬಾಗಲ ಬರ್ತದ, ಬಾಗಲ ಬಾಜೂಕ ಗೂಡು ಬರ್ತದ, ಗೂಡಿನಾಗ ದೀಪ ಇಡೂ ಕೈ ಬರ್ತದ. ಕೈ ಮ್ಯಾಲ ಮುಖಾನೇ ಇಲ್ಲ. ಆ ಬಾಗಲ ಮುಂದ ಒಮ್ಮಿ ಹೋದ್ರ ಬಂದೀತು. ಈ ಕಣ್ಣ ಇರೂದ್ರೊಳಗ ಹೋಗಬೇಕವ್ವ."

ಅವಳ ಅವ್ವನ ಒಂದು ಫೋಟೋ ಇಲ್ಲ, ಒಂದು ಸೀರೆಯ ತುಂಡಿಲ್ಲ. ಅಳುವುದಕ್ಕಿಂತ ಬರೆದುಕೊಳ್ಳುವುದು ಸುಲಭವಾದ್ದರಿಂದ ಪೆನ್ನು ಕಾಗದ ತಂದು ಗುರುತು ಹೇಳು ಎಂದೆ. ಅವಳು ಹೇಳಿದಳು: ಓಣಿಯ ತುದಿಗೆ ಕೋಟೆಯ ಬುರುಜು ಕಾಣುತ್ತಿತ್ತು. ಗೋಡೆ ಕರಿಕಲ್ಲಿನದು. ಬಾಗಿಲಿಗೆ ಹತ್ತಲು ಮೂರು ಮೆಟ್ಟಿಲು, ಎತ್ತರದವು, ಕೈಯೂರಿ ಹತ್ತಬೇಕು. ಬಾಗಿಲಿನ ಬಲಕ್ಕೆ ಮಾತ್ರ ದೀಪದ ಗೂಡು, ಎಡಕ್ಕೆ ಇಲ್ಲ. ಮೇಲಿನ ಮೆಟ್ಟಿಲ ಮೇಲೆ ನಿಂತರೆ ಗೂಡಿನ ಅಂಚು ಅವಳ ಹಣೆಗೆ ಬಡಿಯುತ್ತಿತ್ತು.

"ಇನ್ನೊಂದು ಅದ. ಅದನ್ನ ಹೇಳಂಗಿಲ್ಲ."

"ಯಾಕ?"

"ನಿಮ್ಮ ಮಾವ ಒಮ್ಮಿ ಕರಕೊಂಡು ಹೋಗಿದ್ದ. ಯಾವುದೋ ಒಂದು ಮನಿ ತೋರಿಸಿ ಇದೇ ಅಂದ. ಪಾಪ, ಅವ್ವಗ ಸಮಾಧಾನ ಆಗಲಿ ಅಂತ. ನಾನೂ ಹೌದಪ್ಪ ಅಂದು ಬಂದೆ. ನೀನೂ ಹಂಗೇ ಮಾಡಿದ್ರ? ಆ ಒಂದು ಗುರುತು ನನ್ನ ಹತ್ರಾನೇ ಇರಲಿ."

ನನ್ನ ಮೇಲೆ ನಂಬಿಕೆಯಿಲ್ಲವೇ ಎಂದು ಸಿಟ್ಟು ಬಂತು. ಆದರೆ ಮುದುಕಿಯ ಬುದ್ಧಿಗೆ ಒಳಗೊಳಗೇ ಶಹಬ್ಬಾಸ್ ಅಂದೆ.

ಆ ಮಳೆಗಾಲದಲ್ಲಿ ರವಿವಾರ ಬಂತೆಂದರೆ ನಾನು ಕಲ್ಯಾಣದ ಬಸ್ಸಿನಲ್ಲಿ. ಹುಮನಾಬಾದಿನಲ್ಲಿ ಕೆಂಪಗಿದ್ದ ಗೋಡೆಗಳು ಅಲ್ಲಿ ಇಳಿಯುವ ಹೊತ್ತಿಗೆ ಕಪ್ಪಗಾಗಿರುತ್ತಿದ್ದವು. ಹೆಚ್ಚೆಂದರೆ ಒಂದು ತಾಸಿನ ದಾರಿ, ಅಷ್ಟರಲ್ಲಿ ಕಲ್ಲಿನ ಜಾತಿಯೇ ಬೇರೆ. ಕರಿಕಲ್ಲು ಸುಲಭಕ್ಕೆ ಬಗ್ಗುವುದಿಲ್ಲ, ಹಾಗಾಗಿ ಕಲ್ಯಾಣದ ಹಳೆಯ ಗೌಂಡಿಗಳು ಸೊಂಟದವರೆಗೆ ಕಲ್ಲು ಕಟ್ಟಿ, ಮೇಲೆ ಇಟ್ಟಿಗೆಯನ್ನೋ ಮಣ್ಣನ್ನೋ ಏರಿಸಿದ್ದು ಕಂಡೆ. ಹಣವಿದ್ದವರು ಮಾತ್ರ ಮಾಳಿಗೆಯವರೆಗೂ ಕಲ್ಲನ್ನೇ ಒಯ್ದಿದ್ದರು. ಕೆಲವು ಬಾಗಿಲುಗಳ ಚೌಕಟ್ಟಿನಲ್ಲಿ ಗಿಳಿ, ಕಮಲ. ಕೆಲವಕ್ಕೆ ಮೇಲೆ ಚೂಪಾದ ಕಮಾನು, ಅದರ ಕೆಳಗೆ ಚೌಕಾದ ಬಾಗಿಲು. ಯಾವುದು ಮೊದಲು ಬಂದದ್ದು, ಯಾವುದು ಆಮೇಲೆ ತುರುಕಿದ್ದು ಎಂದು ಯೋಚಿಸುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಒಂದೆರಡು ರವಿವಾರ ಆಯಿಯ ಮನೆಯನ್ನು ಮರೆತು ಬರೀ ಬಾಗಿಲು ನೋಡಿಕೊಂಡು ಬಂದಿದ್ದೇನೆ.

ಜನ ಸುಮ್ಮನಿರುತ್ತಾರೆಯೇ? "ಮನಿ ಖರೀದಿ ಮಾಡಾವರೇನ್ರಿ?" ಎಂದು ಒಬ್ಬರು ಒಳಗೆ ಕರೆದು ಅಡುಗೆಮನೆಯವರೆಗೆ ತೋರಿಸಿದರು. ಇನ್ನೊಬ್ಬರು, ನಾನು ಪುರಸಭೆಯಿಂದ ಬಂದವಳೆಂದು ತಿಳಿದು, ನಲ್ಲಿಗೆ ಯಾಕೆ ನೀರು ಬರುತ್ತಿಲ್ಲವೆಂದು ನನಗೇ ದಬಾಯಿಸಿದರು. ನಾನು ಶರಣು ಮಾಡಿ ಜಾಗ ಖಾಲಿ ಮಾಡಿದೆ.

ದಸರೆಯ ರಜೆಯಲ್ಲಿ ಮನೆ ಸಿಕ್ಕಿತು. ಬುರುಜು ಕಾಣುವ ಓಣಿ, ಕರಿಕಲ್ಲಿನ ಗೋಡೆ, ಬಾಗಿಲಿಗೆ ಸರಿಯಾಗಿ ಮೂರು ಮೆಟ್ಟಿಲು, ಬಲಗಡೆಗೆ ಒಂದೇ ಗೂಡು. ನಾನು ಕುಣಿಯದೇ ಇದ್ದದ್ದೇ ದೊಡ್ಡದು. ಮರುದಿನವೇ ಹಳ್ಳಿಖೇಡಕ್ಕೆ ಹೋಗಿ ಆಯಿಯನ್ನು ಹೊರಡಿಸಿದೆ. ದಾರಿಯುದ್ದಕ್ಕೂ ಅವಳದು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು. ನಾನು ಎರಡು ಜನದ ಮಾತು ಒಬ್ಬಳೇ ಆಡಿದೆ.

ಮನೆಯ ಮುಂದೆ ಅವಳ ಕೈಹಿಡಿದು ಮೂರು ಮೆಟ್ಟಿಲು ಹತ್ತಿಸಿದೆ. ಅವಳು ಗೂಡಿನ ಅಂಚು ಸವರಿದಳು. ಕೈಯನ್ನು ಒಳಗೆ ಹಾಕಿ ಹಿಂದಿನ ಗೋಡೆಯನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ತಿಕ್ಕಿದಳು. ಇನ್ನೊಮ್ಮೆ ತಿಕ್ಕಿದಳು. ಆಮೇಲೆ ಕೈ ಹೊರಗೆ ತೆಗೆದು, "ಮನಿ ಚೊಲೊ ಅದ. ನಂದಲ್ಲ" ಎಂದಳು.

"ಆಯಿ, ಬರೋಬ್ಬರಿ ನೋಡು. ಮೂರು ಮೆಟ್ಟಲು ಅವ. ಒಂದೇ ಗೂಡದ. ಅರವತ್ತೈದು ವರ್ಷ ಆಗ್ಯಾದ, ನೀ ಮರತಿರಬೇಕು."

"ಮರತಿದ್ರ ಚೊಲೊ ಇತ್ತು" ಎಂದು ಅವಳು ಮೆಟ್ಟಿಲಿಳಿದಳು.

ಬಸ್ಸಿನಲ್ಲಿ ನಾನು ಮುಖ ಊದಿಸಿಕೊಂಡು ಕುಳಿತೆ. ಹತ್ತು ರವಿವಾರ ಬಿಸಿಲು ಮಳೆ ಎನ್ನದೆ ಅಲೆದವಳು ನಾನು, ಒಂದು ನಿಮಿಷ ಗೋಡೆ ತಿಕ್ಕಿ ಅಲ್ಲ ಎನ್ನುವುದು ಅವಳು. ಈ ಮುದುಕಿಗೆ ಏನು ಕೊಟ್ಟರೂ ಸಾಲದು ಅಂತಲೂ ಅನ್ನಿಸಿತು. ಹುಮನಾಬಾದು ಹತ್ತಿರ ಬಂದಾಗ ಅವಳು ನನ್ನ ತೊಡೆಯ ಮೇಲೆ ಕೈಯಿಟ್ಟು, "ನೀ ಖರೇ ಹುಡಕೀದಿ. ನಿನಗ ಸಿಟ್ಟು ಬಂದದ್ದಕ್ಕ ಗೊತ್ತಾತು" ಎಂದಳು. ಆಗ ನನಗೆ ನಾಚಿಕೆಯಾಯಿತು.

ಅದಾದ ಮೇಲೆ ನಾನು ಕೈಚೆಲ್ಲಿದೆ. ಬುರುಜು ಕಾಣುವ ಓಣಿಗಳನ್ನೆಲ್ಲ ತಿರುಗಿಯಾಗಿತ್ತು. ಮೂರು ಮೆಟ್ಟಿಲು, ಬಲಕ್ಕೊಂದೇ ಗೂಡು ಎರಡೂ ಇದ್ದ ಇನ್ನೊಂದು ಮನೆ ಇರಲಿಲ್ಲ. ಮನೆ ಬಿದ್ದುಹೋಗಿರಬೇಕು ಅಂದುಕೊಂಡೆ, ಆಯಿಗೆ ಹಾಗೆ ಹೇಳಲು ಬಾಯಿ ಬರಲಿಲ್ಲ. ತಿಂಗಳು ತಿಂಗಳು ಅವಳು ಬಂದಾಗ ನೋಡುತ್ತಿದ್ದೆ. ಮೊದಲು ತಾನೇ ಚಹಾದ ಕಪ್ಪು ಎತ್ತಿಕೊಳ್ಳುತ್ತಿದ್ದವಳು ಈಗ ಕೈಯಾಡಿಸಿ ಹುಡುಕುತ್ತಿದ್ದಳು. ಕಿಂಡಿ ಸಣ್ಣದಾಗುತ್ತಿತ್ತು. ಮನೆಯ ವಿಷಯ ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ನಮ್ಮ ಓಣಿಯಲ್ಲಿ ನೀರಿನ ಪೈಪಿಗೆಂದು ರಸ್ತೆ ಅಗೆದರು. ಎಲ್ಲಿ ಗುಂಡಿ ತೋಡಿದರೂ ಬಗ್ಗಿ ನೋಡದೆ ನಾನು ಮುಂದೆ ಹೋಗುವವಳಲ್ಲ. ನೋಡಿದೆ. ಮೇಲೆ ಡಾಂಬರು. ಅದರ ಕೆಳಗೆ ಜಲ್ಲಿ. ಅದರ ಕೆಳಗೆ ಕೆಂಪು ಮುರುಮ ಮಣ್ಣು. ಅದರ ಕೆಳಗೆ ಮತ್ತೆ ಡಾಂಬರು! ಅದರ ಕೆಳಗೆ ಮತ್ತೆ ಕಲ್ಲು, ಮತ್ತೆ ಮುರುಮ. ಹಳೆಯದನ್ನು ಕೆರೆದು ತೆಗೆಯುವ ಗೋಜಿಗೆ ಯಾರೂ ಹೋಗಿರಲಿಲ್ಲ, ಪ್ರತಿ ಸಲವೂ ಇದ್ದದ್ದರ ಮೇಲೇ ಹೊಸದು. ಇವೆಲ್ಲದರ ಕೆಳಗೆ, ಪಕ್ಕದ ಮನೆಯ ಗೋಡೆಗೆ ಅಂಟಿಕೊಂಡು, ಕೆಂಪುಗಲ್ಲಿನ ಒಂದು ಚಪ್ಪಟೆ ಅಂಚು. ನಡುಭಾಗ ಸವೆದು ತಗ್ಗಾಗಿದೆ.

ಅದು ಮೆಟ್ಟಿಲು.

ನಾನು ಸೀದಾ ಗೌಂಡಿಯ ಕಟ್ಟೆಗೆ ಹೋದೆ. ಹೇಳಿದ್ದನ್ನೆಲ್ಲ ಕೇಳಿ ಅವನು ಎಲೆಯ ರಸ ಉಗುಳಿ ಬಂದು, "ಇಷ್ಟ ದಿನ ಮೆಟ್ಟಲ ಎಣಸಾಕತ್ತಿದ್ರೇನ್ರಿ, ಅಕ್ಕೋರ?" ಎಂದು ಹೊಟ್ಟೆ ಹಿಡಿದು ನಕ್ಕ. "ಹಳೇ ಓಣ್ಯಾಗ ಹಳೇ ಮನಿಗೆ ಮೆಟ್ಟಲ ಎಲ್ಲಿಂದ ಬರಬೇಕ್ರಿ? ದಾರಿ ಮ್ಯಾಲೇರಿ ಅವನ್ನ ನುಂಗಿರತದ. ಮೂರು ಮೆಟ್ಟಲ ಇವತ್ತಿಗೂ ಕಾಣಸಾಕತ್ತಾವ ಅಂದ್ರ ಆ ಮನಿ ಕೆಡವಿ ಎತ್ತರಿಸಿ ಕಟ್ಟ್ಯಾರಂತ ತಿಳೀರಿ. ನಿಮ್ಮ ಆಯಿ ಮನಿಗೆ ಈಗ ಹತ್ತಬಾರದು, ಇಳೀಬೇಕು."

ನನಗೆ ನನ್ನ ಮೇಲೇ ಎಂಥ ಕೋಪ ಬಂತೆಂದರೆ, ಆ ದಿನ ಮನೆಯಲ್ಲಿ ಯಾರೂ ನನ್ನ ಹತ್ತಿರ ಸುಳಿಯಲಿಲ್ಲ. ಪಂಡಿತಳಂತೆ! ವರ್ಷದ ಹಿಂದೆಯೇ ಕುಂತು ನೋಡು ಎಂದು ಹೇಳಿದ್ದ. ಸೀರೆಯ ಇಸ್ತ್ರಿ ಕೆಡುತ್ತದೆಂದು ನಿಂತೇ ಇದ್ದೆ.

ಮುಂದಿನ ರವಿವಾರ ಕಲ್ಯಾಣದಲ್ಲಿ ನಾನು ಯಾವ ಕಮಾನನ್ನೂ ನೋಡಲಿಲ್ಲ, ಗಿಳಿ ಕಮಲ ನೋಡಲಿಲ್ಲ. ನೆಲ ನೋಡಿಕೊಂಡು ನಡೆದೆ. ಲೆಕ್ಕ ಸರಳವಿತ್ತು. ಮೆಟ್ಟಿಲು ಹೂತಿದ್ದರೆ, ಗೋಡೆಯ ಮೇಲಿದ್ದ ಗೂಡೂ ಓಣಿಯಿಂದ ನೋಡುವವರಿಗೆ ಕೆಳಗಿಳಿದಿರಬೇಕು. ದೀಪದ ಗೂಡನ್ನು ತೊಡೆಯ ಮಟ್ಟದಲ್ಲಿ ಯಾವ ಗೌಂಡಿಯೂ ಕಟ್ಟುವುದಿಲ್ಲ. ಅಂಥದೊಂದು ಸಿಕ್ಕರೆ ಅದು ತಾನಾಗಿ ಇಳಿದದ್ದು.

ಬುರುಜು ಕಾಣುವ ಮೂರನೆಯ ಓಣಿಯಲ್ಲಿ ಅದು ಸಿಕ್ಕಿತು. ಆ ಮನೆಯ ಮುಂದೆ ನಾನು ಆರೇಳು ಸಲವಾದರೂ ಹಾದುಹೋಗಿದ್ದೆ. ಮುಖಕ್ಕೆ ಸಿಮೆಂಟು ಬಳಿದು, ಆಕಾಶನೀಲಿ ಎಣ್ಣೆಬಣ್ಣ ಹೊಡೆದು, ಮೇಲೆ ತಗಡಿನ ನೆರಳು ಇಳಿಸಿದ್ದರಿಂದ ಹೊಸ ಮನೆಯೆಂದು ಬಿ‍ಟ್ಟುಬಿಟ್ಟಿದ್ದೆ. ಹೊಸ್ತಿಲು ಓಣಿಗಿಂತ ಒಂದು ಅಡಿ ತಗ್ಗಿನಲ್ಲಿತ್ತು. ಮಳೆನೀರು ಒಳಗೆ ನುಗ್ಗದಂತೆ ಮುಂದೆ ಸಣ್ಣ ಸಿಮೆಂಟಿನ ಒಡ್ಡು. ಬಾಗಿಲಿನ ಬಲಕ್ಕೆ, ಮೊಣಕಾಲಿಗಿಂತ ಒಂದು ಗೇಣು ಮೇಲೆ, ಒಂದು ಚೌಕ ಗೂಡು. ಅದರೊಳಗೆ ಕಸಬರಿಗೆ ಮತ್ತು ಒಂದು ಹರಿದ ಚಪ್ಪಲಿ. ಎಡಕ್ಕೆ ಗೂಡಿಲ್ಲ. ಗೋಡೆಯ ಬುಡದಲ್ಲಿ ನೀಲಿಬಣ್ಣ ಉದುರಿದ ಕಡೆ ಕರಿಕಲ್ಲು ಕಾಣುತ್ತಿತ್ತು.

ಈ ಸಲ ನಾನು ಕುಣಿಯಲಿಲ್ಲ. ಆಯಿಗೂ "ಸಿಕ್ಕಿತು" ಎಂದು ಹೇಳಲಿಲ್ಲ. "ಒಂದು ಮನಿ ಅದ, ನೋಡೂಣ ಬಾ" ಎಂದೆ ಅಷ್ಟೆ. ಅವಳು ಚಪ್ಪಲಿ ಮೆಟ್ಟಿಕೊಂಡಳು.

ಹೋದಾಗ ಇಳಿಹೊತ್ತು. ಮನೆಯ ಹೆಂಗಸು, ಮೂವತ್ತರ ಸುಮಾರಿನವಳು, ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಮ್ಮ ಆಯಿ ಹುಟ್ಟಿದ ಮನೆ ಇದಿರಬಹುದು, ಬರೀ ನೋಡಿಕೊಂಡು ಹೋಗುತ್ತೇವೆ ಎಂದೆ. ಅವಳು ಮೊರ ಬದಿಗಿಟ್ಟು, "ಬರ್ರಿ ಆಯಿ, ಬರ್ರಿ, ಒಳಗ ಬರ್ರಿ" ಎಂದು ಎದ್ದಳು. ಆಯಿ ಒಳಗೆ ಹೋಗಲಿಲ್ಲ. ಓಣಿಯಲ್ಲೇ ನಿಂತು, ತಲೆಯನ್ನು ಆಚೀಚೆ ಹೊರಳಿಸಿ, ಉಳಿದ ಕಿಂಡಿಯಿಂದ ಬಾಗಿಲನ್ನು ತುಂಡು ತುಂಡಾಗಿ ನೋಡಿದಳು.

"ಮೆಟ್ಟಲ ಇಲ್ಲ" ಎಂದಳು.

"ದಾರಿ ಕೆಳಗ ಅವ, ಆಯಿ. ನೀ ಈಗ ಮೆಟ್ಟಲ ಮ್ಯಾಲೇ ನಿಂತೀದಿ."

"ಗೂಡು?"

ಅವಳ ಕೈಯನ್ನು ಹಿಡಿದು ಕೆಳಗೆ ತೋರಿಸಿದೆ. ಬಗ್ಗಿದಳು, ಸೊಂಟ ಸಹಕರಿಸಲಿಲ್ಲ. ಕಡೆಗೆ ಗೋಡೆ ಹಿಡಿದುಕೊಂಡು ಮೆಲ್ಲಗೆ ಓಣಿಯ ಮೇಲೆಯೇ ಕುಳಿತುಬಿಟ್ಟಳು. ಕುಳಿತಾಗ ಗೂಡಿನ ಅಂಚು ಸರಿಯಾಗಿ ಅವಳ ಹಣೆಗೆ ಬಂತು. ಅವಳು ಹಣೆಯನ್ನು ಅದಕ್ಕೆ ಒಮ್ಮೆ ತಾಗಿಸಿದಳು. ಮನೆಯಾಕೆ ನಾಚಿಕೊಂಡು ಓಡಿಬಂದು ಕಸಬರಿಗೆ, ಚಪ್ಪಲಿ ತೆಗೆದಳು. ಆಯಿ ಕೈಯನ್ನು ಒಳಗೆ ಹಾಕಿ ಹಿಂದಿನ ಗೋಡೆ ಸವರಿದಳು.

ಕೈ ನಿಂತಿತು.

"ಅವ್ವ ಗೂಡಿಗೆ ಗಚ್ಚು ಬಳಿಸಿದ ದಿನ, ಅದು ಹಸಿ ಇದ್ದಾಗ ಐದು ಕವಡಿ ಒತ್ತಿದ್ದಳು. ನನಗ ಆಡಾಕಂತ" ಎಂದಳು. ಬಚ್ಚಿಟ್ಟಿದ್ದ ಗುರುತು ಇದು. ನಾನೂ ಬಗ್ಗಿ ಕೈಹಾಕಿದೆ. ಕವಡೆ ಯಾವುದೂ ಇರಲಿಲ್ಲ, ಯಾವ ಮಕ್ಕಳು ಯಾವಾಗ ಕಿತ್ತುಕೊಂಡರೋ. ಕವಡೆ ಇದ್ದ ಕುಳಿಗಳು ಇದ್ದವು. ಅವಳು ನನ್ನ ಬೆರಳನ್ನು ಹಿಡಿದು ಒಂದೊಂದರ ಮೇಲೂ ಇಟ್ಟು ಎಣಿಸಿದಳು. ಐದು.

ಗಟಾರದ ಪಕ್ಕ, ಎಲ್ಲರ ಎದುರಿಗೆ, ನಾನೂ ಅವಳ ಬದಿಗೆ ಕುಳಿತು ಅತ್ತೆ. ಸೀರೆ ಯಾವುದು ಉಟ್ಟಿದ್ದೆನೋ ನೆನಪಿಲ್ಲ. ಆಯಿ ಅಳಲಿಲ್ಲ. ಅವಳಿಗೆ ಬೇಕಾದದ್ದು ಇನ್ನೂ ಸಿಕ್ಕಿರಲಿಲ್ಲ. ಗೂಡಿನಲ್ಲಿ ಕೈಯಿಟ್ಟುಕೊಂಡೇ ಕಾಯುತ್ತಿದ್ದಳು. ಮುಖ ಬಂತೇ ಎಂದು ಕೇಳಲು ನನಗೆ ಧೈರ್ಯ ಸಾಲಲಿಲ್ಲ.

ಅಷ್ಟರಲ್ಲಿ ಮನೆಯಾಕೆ ತಂಬಿಗೆ ತುಂಬ ನೀರು ತಂದು, ಬಾಗಿಲಿನ ಒಡ್ಡಿನ ಮೇಲೆ ನಿಂತು, "ಆಯಿ, ನೀರ ಕುಡೀರಿ" ಎಂದು ಕೈಚಾಚಿ ಬಗ್ಗಿದಳು. ಆಯಿ ಕುಳಿತಲ್ಲಿಂದಲೇ ತಲೆ ಎತ್ತಿ ನೋಡಿದಳು. ನಾನೂ ಎತ್ತಿದೆ. ಅಲ್ಲಿಂದ ನೋಡಿದರೆ ಮೊದಲು ಕೈ ಕಾಣುತ್ತಿತ್ತು, ಕೈಯ ಮೇಲೆ ಆ ಹೆಂಗಸಿನ ಗದ್ದ.

ಆಯಿ ತಂಬಿಗೆ ತೆಗೆದುಕೊಳ್ಳಲಿಲ್ಲ. ಬಹಳ ಹೊತ್ತು ಹಾಗೇ ಮೇಲೆ ನೋಡುತ್ತ ಕುಳಿತಳು. ಆಮೇಲೆ ತನ್ನ ಗದ್ದದ ಅಡಿಯ ಮೆತ್ತಗಿನ ಜಾಗವನ್ನು ಮೂರು ಸಲ ಮುಟ್ಟಿ ತೋರಿಸಿದಳು.

"ಇಲ್ಲಿ ಹಚ್ಚಿ ಚುಚ್ಚಿದ ಮೂರು ಬೊಟ್ಟು ಇದ್ವು ಅವ್ವಗ" ಎಂದಳು. "ಇಲ್ಲಿ. ದೀಪ ಇಡುವಾಗ ಕಾಣಸ್ತಿದ್ವು."